ಇಟ್ಟಲ್ಲಿ ಇರದ ಭರಣಿ

ಕುಂಕುಮದ ಭರಣಿ ಕನ್ನಡಿಯ ಎಡಕ್ಕಿರಬೇಕಿತ್ತು. ಬಲಕ್ಕಿತ್ತು. ದಾಕ್ಷಾಯಿಣಿ ಮೊಬೈಲಿನಲ್ಲಿದ್ದ ಫೋಟೊ ನೋಡಿದಳು, ಭರಣಿ ನೋಡಿದಳು, ಮತ್ತೆ ಫೋಟೊ ನೋಡಿದಳು. ನಿನ್ನೆ ಸಂಜೆ ತನ್ನ ಕೈಯಾರೆ ಎಡಕ್ಕಿಟ್ಟು ಹೋಗಿದ್ದಳು, ಅದರಲ್ಲಿ ಅನುಮಾನವೇ ಇರಲಿಲ್ಲ.

"ಏನು ಕಳ್ಕಂಡೆ, ಮನಸ್ಸಾ?" ಎಂದು ಬಾಗಿಲಲ್ಲಿ ನಿಂತು ಕೇಳಿದವನು ಕೊಟ್ರೇಶ್.

ಅವನು ಹಿರಿಯೂರಿನವನು. ಸೆಟ್ಟಿನ ಸಾಮಾನುಗಳನ್ನು ಜೋಡಿಸುವುದು ಅವನ ಕೆಲಸ. ನಗುವಾಗ ತುಟಿಗಿಂತ ಮೊದಲು ಅವನ ಕಣ್ಣು ನಗುತ್ತಿತ್ತು. ದಾಕ್ಷಾಯಿಣಿ ಕೋಪ ಮಾಡಿಕೊಳ್ಳಬೇಕೆಂದು ತಿರುಗಿದವಳು ಆ ಕಣ್ಣು ನೋಡಿ ಸೆರಗು ಸರಿಮಾಡಿಕೊಂಡಳು.

ಹೊಸದುರ್ಗದ ಆ ಹಳೆಯ ಮನೆಯಲ್ಲಿ ಟೀವಿಗಾಗಿ ಆರು ಕಂತಿನ ಒಂದು ಕಥೆ ತಯಾರಾಗುತ್ತಿತ್ತು. ಅಜ್ಜಂದಿರ ಕಾಲದ ಒಂದು ಕಪ್ಪು-ಬಿಳುಪು ಸಿನಿಮಾವನ್ನೇ ಹೊಸದಾಗಿ ಹೆಣೆದಿದ್ದರು. ಗಂಡನೊಬ್ಬ ಮನೆಯ ವಸ್ತುಗಳನ್ನು ಕದ್ದುಮುಚ್ಚಿ ಅತ್ತಿತ್ತ ಸರಿಸುತ್ತಾ, ಹೆಂಡತಿಗೆ ತನಗೇ ಹುಚ್ಚು ಹಿಡಿಯಿತೆಂದು ನಂಬಿಸುವ ಕಥೆ. ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲೂ ಅದೇ ಜಾಗದಲ್ಲಿರಬೇಕಲ್ಲ, ಅದನ್ನು ನೋಡಿಕೊಳ್ಳುವುದು ದಾಕ್ಷಾಯಿಣಿಯ ಪಾಲಿಗೆ ಬಂದಿತ್ತು. ಹೊಳಲ್ಕೆರೆಯ ಹುಡುಗಿಗೆ ಸಿಕ್ಕ ಮೊದಲ ಮರ್ಯಾದೆಯ ಕೆಲಸ ಅದು.

ಶೂಟಿಂಗ್ ಶುರುವಾದ ವಾರವೇ ಚಹಾ ಕುಡಿಯುತ್ತಾ ಕೊಟ್ರೇಶ್ ಅವಳ ಊರು, ಮನೆತನ, ಯಾರ ಪೈಕಿ ಎಂದೆಲ್ಲ ವಿಚಾರಿಸಿದ್ದ. ಅವನ ತಾಯಿಯ ತವರೂ ಹೊಳಲ್ಕೆರೆಯೇ. ದಾಕ್ಷಾಯಿಣಿಯ ತಂದೆಗೆ ದೂರದ ತಂಗಿಯಾಗಬೇಕು ಆಕೆ. ಮದುವೆಗೆ ಕೂಡುವ ಸಂಬಂಧವೆಂದು ಲೆಕ್ಕ ಮುಗಿದದ್ದೇ ಅವನ ಮುಖ ಅರಳಿತು.

"ಹಂಗಾದ್ರೆ ವರಸೇಲಿ ನಾನು ನಿಂಗೆ ಮಾವ ಆಗ್ಬೇಕು. ಅವ್ರೇ ಇವ್ರೇ ಅನ್ಬ್ಯಾಡ."

ಅಂದು ಅವಳು ಮಾವ ಎಂದು ಕರೆಯಲಿಲ್ಲ. ಮರುದಿನ ಬಾಯಿತಪ್ಪಿದಂತೆ ಒಮ್ಮೆ ಕರೆದಳು. ಆಮೇಲೆ ಬಾಯಿತಪ್ಪುವ ನೆವವೂ ಬೇಕಾಗಲಿಲ್ಲ.

ಪ್ರೀತಿ ಹೀಗೆ ಮೊಗ್ಗಾಗುತ್ತಿರುವಾಗಲೇ ವಸ್ತುಗಳು ಜಾಗ ಬಿಡತೊಡಗಿದವು. ಇವತ್ತು ಭರಣಿ, ನಾಳೆ ಬಾಚಣಿಗೆ, ಆಮೇಲೆ ಗೋಡೆಯ ಕ್ಯಾಲೆಂಡರ್. ಪ್ರತಿ ಸಾರಿಯೂ ಅವಳು ಓಡಿಹೋಗಿ ಕೇಳುತ್ತಿದ್ದದ್ದು ಅವನನ್ನೇ. ಅವನು ಹತ್ತಿರ ಬಂದು, ಭುಜಕ್ಕೆ ಭುಜ ತಾಗುವಷ್ಟು ಬಾಗಿ ಫೋಟೊ ನೋಡಿ, ತಾನು ಮುಟ್ಟಿಲ್ಲವೆಂದು ಹೇಳಿ, ವಸ್ತುವನ್ನು ಸರಿಯಾದ ಜಾಗಕ್ಕಿಡುತ್ತಿದ್ದ.

ಬೇರೆ ಹುಡುಗಿಯಾಗಿದ್ದರೆ ಯಾರ ಕೈವಾಡವೆಂದು ಹುಡುಕುತ್ತಿದ್ದಳು. ದಾಕ್ಷಾಯಿಣಿ ಹುಡುಕಿದ್ದು ತನ್ನ ತಲೆಯೊಳಗೆ. ಅವಳ ತಾಯಿ ವೀರಮ್ಮ ಕೊನೆಗಾಲದಲ್ಲಿ ಇದನ್ನೇ ಹೇಳುತ್ತಿದ್ದಳು: ಉಪ್ಪಿನ ಡಬ್ಬಿ ಇಟ್ಟಲ್ಲಿಲ್ಲ, ಬೀಗದ ಕೈ ಇಟ್ಟಲ್ಲಿಲ್ಲ, ಯಾರೋ ಸರಿಸುತ್ತಾರೆ. ಕಡೆಗೆ ಅನ್ನ ಬಿಟ್ಟು ಬೀರುವಿನ ಮುಂದೆ ಕಾವಲು ಕೂತು ಕೂತೇ ಸವೆದುಹೋದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನದೆ ಓಣಿಯವರು ಸುಮ್ಮನಿದ್ದಾರೆಯೇ? ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಬೀದಿ ತುದಿಯ ಅಂಗಡಿಯಲ್ಲಿ ವಿಚಾರಿಸಿ, ಮತ್ತೆ ಫೋನ್ ಮಾಡುತ್ತಿರಲಿಲ್ಲ.

ಒಂದು ದಿನ ನಾಯಕಿಯ ಬಳೆಯ ಪೆಟ್ಟಿಗೆ ತಪ್ಪು ಜಾಗದಲ್ಲಿದ್ದದ್ದು ಯಾರ ಕಣ್ಣಿಗೂ ಬೀಳದೆ ಇಡೀ ದೃಶ್ಯ ಕೆಟ್ಟಿತು. ನಿರ್ದೇಶಕ ಪ್ರಸನ್ನಕುಮಾರ್ ಕೂಗಾಡಲಿಲ್ಲ. ಆರೋಗ್ಯ ನೋಡಿಕೊಳ್ಳಮ್ಮ ಎಂದು ಹೇಳಿ, ಅವಳ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ಅವಳನ್ನು ಸೆಟ್ಟಿನ ಸಣ್ಣಪುಟ್ಟ ಕೆಲಸಕ್ಕೆ ಹಾಕಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಆ ಕನಿಕರ ಅವಳನ್ನು ಮುರಿಯಿತು.

ಚಿತ್ರದುರ್ಗದ ಮನೋವೈದ್ಯರ ಹತ್ತಿರ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋದವನು ಕೊಟ್ರೇಶನೇ. ಹೊರಗಿನ ಬೆಂಚಿನ ಮೇಲೆ ಕೂತು, ಅಮ್ಮನ ಕಥೆ ಹೇಳುತ್ತಾ ಅವಳು ಮೊದಲ ಬಾರಿ ತಾನಾಗಿ ಅವನ ಕೈ ಹಿಡಿದಳು. ಅವನ ಅಂಗೈ ಬೆವೆತಿತ್ತು. ತನಗಾಗಿ ಇಷ್ಟು ಹೆದರುವ ಜೀವವೊಂದು ಇದೆಯಲ್ಲ ಎಂದು ಅವಳಿಗೆ ಆ ಸಂಕಟದಲ್ಲೂ ಸುಖವಾಯಿತು.

ಮಾತ್ರೆಗಳು ಶುರುವಾದವು. ಹಗಲೆಲ್ಲ ಮಂಪರು, ತಟ್ಟೆಯ ಮುಂದೆಯೂ ತೂಕಡಿಕೆ. ಕೊಟ್ರೇಶ್ ಪಕ್ಕದಲ್ಲಿ ಕೂತು ಊಟ ಮಾಡಿಸುತ್ತಿದ್ದ. ವಿಚಿತ್ರವೆಂದರೆ, ಆಮೇಲೆ ಒಂದು ವಸ್ತುವೂ ಜಾಗ ಬಿಡಲಿಲ್ಲ. ಮಾತ್ರೆ ನಾಟಿತೆಂದು ಎಲ್ಲರೂ ಅಂದರು. ಹಾಗಾದರೆ ಕಾಯಿಲೆ ನಿಜವೇ ಎಂದು ಅವಳು ಒಳಗೇ ಅತ್ತಳು.

ಶೂಟಿಂಗಿಗೆ ರಜೆಯಿದ್ದ ಒಂದು ಬೆಳಿಗ್ಗೆ ಇಬ್ಬರೂ ಮಾರಿಕಣಿವೆಗೆ ಹೋದರು. ಅಣೆಕಟ್ಟಿನ ಹಿಂದೆ ನೀರು ತುಂಬಿ ನಿಂತಿತ್ತು. ಹೊಸ ಕಥೆಯ ಮುಕ್ತಾಯವನ್ನು ನಿರ್ದೇಶಕರು ಬದಲಿಸಿದ್ದಾರೆಂದು ಅವಳು ಹೇಳಿದಳು. ಹಳೆಯ ಸಿನಿಮಾದ ಗಂಡನಿಗೆ ಹೆಂಡತಿಯ ಆಸ್ತಿ ಬೇಕಿತ್ತಂತೆ, ಈ ಗಂಡನಿಗೆ ಹೆಂಡತಿಯೇ ಬೇಕಂತೆ. ಅವಳು ಸದಾ ತನ್ನನ್ನೇ ಆತುಕೊಂಡಿರಲಿ ಎಂದು ಹಾಗೆ ಮಾಡುತ್ತಾನಂತೆ. ಕೊಟ್ರೇಶ್ ತಟ್ಟನೆ ಮಾತು ಬದಲಿಸಿ, ಹೆಣ್ಣು ಕೇಳಲು ತನ್ನ ತಾಯಿಯನ್ನು ಅವಳ ಮನೆಗೆ ಕಳಿಸುವ ಮಾತೆತ್ತಿದ.

ಎಷ್ಟು ದಿನದಿಂದ ಕಾದಿದ್ದ ಮಾತು. ಅವಳು ಅವನ ಮುಖವನ್ನು ಕಣ್ತುಂಬ ನೋಡಿದಳು.

"ಬ್ಯಾಡ ಮಾವ. ಅಮ್ಮಂದು ನಂಗೂ ಬಂದೈತೆ. ನಿಮ್ಮ ಬಾಳು ಹಾಳು ಮಾಡಾಕೆ ನಂಗೆ ಮನಸಿಲ್ಲ."

ಅವನು ಅವಳಿಂದ ಒಂದು ಹೆಜ್ಜೆ ಹಿಂದೆ ಸರಿದ.

"ನಿಂಗೇನೂ ಬಂದಿಲ್ಲ ದಾಕ್ಷಿ. ಸರಿಸ್ತಿದ್ದೋನು ನಾನು."

ಆಮೇಲೆ ಒಂದೊಂದಾಗಿ ಎಲ್ಲ ಹೇಳಿದ. ಅವರ ಕಡೆ ವರಸೆಯ ಹುಡುಗಿಯ ಬಳೆ, ಚಪ್ಪಲಿ, ಹೂವಿನ ಬುಟ್ಟಿ ಬಚ್ಚಿಟ್ಟು ಕಾಡುವುದು ವಾಡಿಕೆ. ಹುಡುಗಿ ಹುಡುಕುತ್ತಾ ಬಂದು ಬೈದರೆ ಒಪ್ಪಿದಳೆಂದೇ ಲೆಕ್ಕ. ಅವನ ಅಪ್ಪ ಅವನ ಅವ್ವನನ್ನು ಹಾಗೇ ಗೆದ್ದಿದ್ದನಂತೆ. ವೀರಮ್ಮನ ಸಂಗತಿ ಅವನಿಗೆ ಗೊತ್ತಾದದ್ದು ವೈದ್ಯರ ಬಾಗಿಲಲ್ಲಿ, ಅವಳೇ ಹೇಳಿದಾಗ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ದಾಕ್ಷಾಯಿಣಿಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ತಲೆ ನೆಟ್ಟಗಿದೆ, ಕಣ್ಣು ಕಂಡದ್ದು ನಿಜ, ಕೈ ಇಟ್ಟದ್ದು ನಿಜ. ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅವನೂ ನಗಲು ನೋಡಿದ. ಅಷ್ಟರಲ್ಲಿ ಅವಳ ನಗು ನಿಂತಿತು.

"ಬೆಂಚಿನ ಮ್ಯಾಲೆ ನನ್ನ ಪಕ್ಕ ಕುಂತಾಗ ಎಲ್ಲಾ ಗೊತ್ತಾಗಿತ್ತಲ್ಲ. ಆವಾಗ ಯಾಕೆ ಹೇಳ್ಲಿಲ್ಲ?"

"ನೀನು ಕೈ ಹಿಡ್ಕಂಡಿದ್ದೆ," ಅಂದ ಕೊಟ್ರೇಶ್. "ಹೇಳಿದ್ರೆ ಬಿಡ್ತಿದ್ದೆ."

ಅವನು ಅಳುತ್ತಿದ್ದ. ನಾಟಕದ ಅಳುವಲ್ಲ. ನಾಳೆಯೇ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ, ನಿನ್ನ ಕೆಲಸ ನಿನಗೆ ಕೊಡಿಸುತ್ತೇನೆ ಎಂದ. ಅವನು ಹಾಗೆ ಮಾಡುತ್ತಾನೆಂದು ಅವಳಿಗೂ ಗೊತ್ತಿತ್ತು. ಕಣ್ಣೊರೆಸಬೇಕೆಂದು ಕೈ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡಳು.

"ನಿಮ್ಮ ಮ್ಯಾಲಿನ ಪ್ರೀತಿ ಹೋಗಿಲ್ಲ. ಹೋಗಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಮನೇಲಿ ಒಂದು ಲೋಟ ಜಾಗ ಬದಲಾದ್ರೂ ನಾನು ಮೊದ್ಲು ನಿಮ್ಮ ಮುಖ ನೋಡ್ತೀನಿ. ಹಂಗೆ ನೋಡ್ತಾ ನೋಡ್ತಾ ಎಷ್ಟು ವರ್ಷ ಬದುಕಾದು, ನೀವೇ ಹೇಳ್ರಿ."

ಬೈಕಿನಲ್ಲಿ ಬಿಡುತ್ತೇನೆ ಎಂದು ಅವನು ಅಂದದ್ದಕ್ಕೆ ಅವಳು ಬೇಡವೆಂದು ತಲೆಯಾಡಿಸಿದಳು. ರಸ್ತೆಗೆ ನಡೆದು ಹೊಸದುರ್ಗದ ಬಸ್ಸಿಗೆ ಕೈ ಮಾಡಿದಳು. ಅವನು ನಿಂತಲ್ಲೇ ನಿಂತು ನೋಡುತ್ತಿದ್ದಾನೆಂದು ಬೆನ್ನಿಗೇ ತಿಳಿಯುತ್ತಿತ್ತು. ತಿರುಗಿದರೆ ಹೋಗಲಾಗುವುದಿಲ್ಲವೆಂದು ತಿರುಗಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕದ ಸೀಟು ಬಿಟ್ಟು ಒಳಗಿನ ಸೀಟಿನಲ್ಲಿ ಕೂತಳು.