ನೀಲಿ ಮುಖದ ಶ್ರದ್ಧಾಂಜಲಿ

ಪ್ರಿಂಟರ್ ತಾನಾಗಿಯೇ ಗುರ್ರ್ ಎಂದಿತು.

ಕೋಣೆಯಲ್ಲಿ ನನ್ನನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ಬ್ರಹ್ಮಾವರ ಪೇಟೆಯ ಹಿಂದಿನ ಒಂದು ಬಾಡಿಗೆ ಮನೆ. ಮಟಮಟ ಮಧ್ಯಾಹ್ನ. ಮೇಜಿನ ಮೇಲೆ ಹಳೇ ಇಂಕ್‌ಜೆಟ್ ಪ್ರಿಂಟರ್, ಪಕ್ಕದಲ್ಲಿ ಇಂಕಿನ ಬಾಟಲಿಗಳು, ಇಂಕು ತುಂಬಿಟ್ಟ ಸಿರಿಂಜು. ನಾನು ಒಂದು ಗುಂಡಿಯನ್ನೂ ಮುಟ್ಟಿರಲಿಲ್ಲ.

ಕಾಗದ ಇಂಚಿಂಚೇ ಹೊರಬಂತು.

ಮೊದಲು 'ಶ್ರದ್ಧಾಂಜಲಿ' ಅನ್ನುವ ಅಕ್ಷರ. ಆಮೇಲೆ ತಲೆಗೂದಲು. ಹಣೆ. ಕಣ್ಣು...

ಆ ಕಣ್ಣು ನನ್ನದು!

ನನ್ನ ವಾಟ್ಸಾಪಿನ ಫೋಟೋ. ಆದರೆ ಮುಖ ನೀಲಿ. ನೀರಿನಲ್ಲಿ ಬಿದ್ದು ಊದಿಕೊಂಡ ಹೆಣದ ಹಾಗೆ.

ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಹೆದರಿದೆನಾ? ಹೆದರಿದೆ. ಸುಳ್ಳು ಯಾಕೆ ಹೇಳಲಿ.

ನಾನು ರವಿರಾಜ್. ಕುಂದಾಪುರದಲ್ಲಿ ಕೇಳಿ, ರಾಜಿ ರವಿರಾಜ ಅಂದರೆ ರಿಕ್ಷಾದವರೂ ಮನೆ ತೋರಿಸುತ್ತಾರೆ. ಬೇಲಿ ಜಗಳ, ದೋಣಿಯ ಪಾಲು, ಮುರಿದ ಮದುವೆ... ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರುವುದನ್ನು ನಾನು ಚಾ ಆರುವುದರೊಳಗೆ ತೀರಿಸುತ್ತೇನೆ. ಮಾತಿಗೆ ಬಗ್ಗದವರಿಗೆ ಬೇರೆ ಭಾಷೆ ಇದೆ. ಅದನ್ನು ಮುಂಬೈಯ ಬಾರುಗಳಲ್ಲಿ ಕಲಿತು ಬಂದಿದ್ದೇನೆ.

ಹಿಂದಿನ ವಾರ ತ್ರಾಸಿಯಿಂದ ಗುಣಕ್ಕನ ಫೋನ್ ಬಂದಿತ್ತು.

ಗುಣವತಿ ಅಂತ ಹೆಸರು. ಹೆದ್ದಾರಿ ಬದಿಯಲ್ಲಿ ಗಂಜಿ ಊಟದ ಅಂಗಡಿ. ಗಂಡ ಹೋಗಿ ವರ್ಷಗಳಾದವು, ಮಕ್ಕಳಿಲ್ಲ. ನಾನು ಹೋದಾಗ ಅಂಗಡಿಯ ಹಿಂದಿನ ಕೇರಿಯಲ್ಲಿ ಮನೆಗಳಿಗೆಲ್ಲ ಬೀಗ ಬಿದ್ದಿತ್ತು. ಬಾವಿಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಬಿಂದಿಗೆ. ನಾಯಿ ಸಹ ಇಲ್ಲ.

ಗುಣಕ್ಕ ಒಂದು ಕಾಗದ ತಂದು ಮುಂದಿಟ್ಟರು. ಅವರದೇ ಫೋಟೋ, ಮೇಲೆ 'ಶ್ರದ್ಧಾಂಜಲಿ'. ಮುಖ ನೀಲಿ. ಬೆಳಿಗ್ಗೆ ಎದ್ದಾಗ ಅಂಗಡಿಯ ಬಾಗಿಲಿಗೆ ಯಾರೋ ಅಂಟಿಸಿ ಹೋಗಿದ್ದರಂತೆ.

ಇದು ಮೊದಲನೆಯದಲ್ಲ. ಬಲೆ ಹೊಲಿಯುವ ಸೀನನಿಗೆ ಹೀಗೇ ಬಂದಿತ್ತಂತೆ, ಮಾರನೇ ದಿನ ಅವನ ಹೆಣ ಹೊಳೆಯಲ್ಲಿ ತೇಲಿತಂತೆ. ಆಮೇಲೆ ಒಂದೊಂದೇ ಮನೆಯ ಬಾಗಿಲಿಗೆ ನೀಲಿ ಮುಖ. ಕಡಲ ಬದಿಯ ಜನಕ್ಕೆ ಅದರ ಅರ್ಥ ಬಿಡಿಸಿ ಹೇಳಬೇಕೇ? ನೀರಿನಲ್ಲಿ ಸಾವು! ಹೊರಗಿನ ಒಂದು ರೆಸಾರ್ಟ್ ಪಾರ್ಟಿ ಆ ಜಾಗವನ್ನು ಬಹಳ ದಿನದಿಂದ ಕೇಳುತ್ತಿತ್ತು. ಕೊಡೆವು ಅಂತ ಕೂತವರೆಲ್ಲ ಬರೆದುಕೊಟ್ಟು ಗಂಟುಮೂಟೆ ಕಟ್ಟಿದರು.

ಸೀನನಿಗೆ ಬಂದ ಕಾಗದವನ್ನು ನೀವು ಕಣ್ಣಾರೆ ಕಂಡಿದ್ದೀರಾ ಅಂತ ಕೇಳಿದೆ. ಇಲ್ಲ, ತಾನು ಆಗ ಕೆರಾಡಿಯ ನೆಂಟರ ಮನೆಯಲ್ಲಿದ್ದೆ, ಕೇರಿಯವರು ಹೇಳಿದ್ದು ಅಂದರು.

ಮಾರಿ ಹೋಗಬಹುದಲ್ಲ ಅಂತಲೂ ಕೇಳಿದೆ. ಕೇಳುವುದು ನನ್ನ ಕೆಲಸ.

"ನಾ ಹೋಪುದಿಲ್ಲ ರವಿ," ಅಂದರು ಗುಣಕ್ಕ. "ಸಾಯುದಾರೆ ಇಲ್ಲೇ ಸಾಯ್ತೆ. ಆರೆ ಯಾರ್ ಕೊಲ್ತ್ರ್ ಅಂತ ಗೊತ್ತಾಯ್ಕ್."

ಅಂದು ನನಗೆ ಊಟ ಬಡಿಸಿದವನು ಅವರ ಅಣ್ಣನ ಮಗ ನಿತೇಶ್. ಬ್ರಹ್ಮಾವರದಲ್ಲಿ ಜಾಗದ ಬ್ರೋಕರ್. ತ್ರಾಸಿ ಕಡೆ ಬಂದಾಗಲೆಲ್ಲ ಊಟ ಅತ್ತೆಯ ಅಂಗಡಿಯಲ್ಲೇ ಅಂತೆ. ಬಂಗುಡೆ ಮೀನು ಇನ್ನೊಂದು ಹಾಕಿಸಿಕೊಳ್ಳಿ ಅಂತ ಒತ್ತಾಯ ಮಾಡಿದ. ನಾನೂ ನಾಚಿಕೆ ಇಲ್ಲದೆ ಹಾಕಿಸಿಕೊಂಡೆ.

ಕಾಗದವನ್ನು ಮನೆಗೆ ತಂದೆ. ಎರಡು ದಿನ ಹಿಂದೆ ಮುಂದೆ ತಿರುಗಿಸಿ ನೋಡಿದೆ. ತಲೆ ಓಡಲಿಲ್ಲ. ಕೊನೆಗೆ ಓಡಿದ್ದು ನನ್ನ ಹೆಂಡತಿ ಸೌಮ್ಯಶ್ರೀಯ ತಲೆ.

"ಇದ್ ನೀವ್ ಇಂಕ್ ತುಂಬ್ದ್ ಹಾಂಗೇ ಇತ್ತಲೆ?" ಅಂದಳು.

ನಾನು ಬೆಚ್ಚಿಬಿದ್ದೆ.

ಹೌದು! ಹೊಸ ಕಾರ್ಟ್ರಿಜ್‌ನ ರೇಟು ಕೇಳಿ ಹೊಟ್ಟೆ ಉರಿದು, ಯೂಟ್ಯೂಬ್ ನೋಡಿ, ನಾನೂ ಒಮ್ಮೆ ಮನೆಯಲ್ಲೇ ಇಂಕು ತುಂಬಿದ್ದೆ. ಕಲರ್ ಕಾರ್ಟ್ರಿಜ್‌ನ ಸ್ಟಿಕ್ಕರ್ ಕಿತ್ತರೆ ಕೆಳಗೆ ಮೂರು ತೂತು. ಕೆಂಪಿಗೊಂದು, ಹಳದಿಗೊಂದು, ನೀಲಿಗೊಂದು. ಯಾವುದಕ್ಕೆ ಯಾವುದು ಅಂತ ನನ್ನದರಲ್ಲಿ ಬರೆದಿರಲಿಲ್ಲ. ನಾನು ಹಳದಿಯ ತೂತಿಗೆ ನೀಲಿ ಚುಚ್ಚಿ, ನೀಲಿಯದಕ್ಕೆ ಹಳದಿ ಚುಚ್ಚಿದೆ. ಸೌಮ್ಯಶ್ರೀಯ ಫೋಟೋ ಹೆಣದ ಫೋಟೋ ಆಗಿ ಹೊರಬಂತು. ಆ ವಾರವೆಲ್ಲ ನನಗೆ ಸಪ್ಪೆ ಸಾರು.

ಅಂದರೆ ಇದು ದೆವ್ವದ ಕೆಲಸವಲ್ಲ. ಬಾಡಿಗೆ ಹಂತಕನ ಗುರುತೂ ಅಲ್ಲ. ಯಾರೋ ಮನೆಯಲ್ಲಿ ಕೂತು ತಪ್ಪು ತೂತಿಗೆ ಇಂಕು ತುಂಬಿದ್ದಾನೆ!

ಇನ್ನೂ ಒಂದು ವಿಷಯ ಹೊಳೆಯಿತು. ಮನುಷ್ಯರ ಮುಖ ಪ್ರಿಂಟ್ ಮಾಡಿದರೆ ಕೆಂಪು, ಹಳದಿ ಖರ್ಚಾಗುತ್ತದೆ. ಇವನ ಹಳದಿ ತೂತಿನಲ್ಲಿರುವುದು ನೀಲಿ. ಹಾಗಾದರೆ ಇವನಿಗೆ ನೀಲಿಯೇ ಬೇಗ ಮುಗಿಯಬೇಕು.

ಬೈಂದೂರು ರೈಲ್ವೆ ಸ್ಟೇಷನ್ ಹತ್ತಿರ ಪದ್ದು ಅಂತ ಒಬ್ಬಳಿದ್ದಾಳೆ. ಮನೆಯ ಜಗಲಿಯಲ್ಲೇ ಇಂಕಿನ ಬಾಟಲಿ, ಸಿರಿಂಜು ಮಾರುತ್ತಾಳೆ. ಮನೆಯಲ್ಲೇ ತುಂಬಿಕೊಳ್ಳುವವರು ಕುಂದಾಪುರದಿಂದಲೂ ಅವಳ ಹತ್ತಿರ ಹೋಗುತ್ತಾರೆ. ನಾನೂ ಅಲ್ಲಿಂದಲೇ ತಂದಿದ್ದೆ. ನೀಲಿ ಮಾತ್ರ ಕೇಳಿಕೊಂಡು ಬರುವವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿದೆ. ಪದ್ದುವಿನ ಮುಖ ಬಿಳಚಿಕೊಂಡಿತು. ಎದ್ದುಹೋಗಿ ಗೇಟು ಹಾಕಿಕೊಂಡು ಬಂದಳು.

"ಹ್ವಾಯ್, ನನ್ ಹೆಸ್ರ್ ಹೇಳುಕಾಗ. ಬ್ರಹ್ಮಾವರದ್ ನಿತೇಶ. ಅಷ್ಟ್ ದೂರದಿಂದ ಎಂತಕೆ ಬತ್ರಿ ಅಂತ ಕೇಂಡದ್ದಕ್ಕೆ, ನಿಂಗ್ ಜೀವದ್ ಮೇಲ್ ಆಸೆ ಇಲ್ಯಾ ಅಂದ್ರ್."

ಬಂಗುಡೆ ಬಡಿಸಿದ ಕೈ!

ಗುಣಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಮೊದಲು ಅವನ ಕುತ್ತಿಗೆ ಹಿಡಿಯೋಣ ಅಂತ ಬೈಕ್ ಹತ್ತಿ ಸೀದಾ ಬ್ರಹ್ಮಾವರಕ್ಕೆ ಬಂದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟೆ.

ತೆರೆದ ಬಾಗಿಲನ್ನು ನಂಬುವವನು ಮೂರ್ಖ. ಅದೂ ನನ್ನ ಕಸುಬಿನಲ್ಲಿ!

ಚಿಲಕ ಸರಿಯಿತು. ನಿತೇಶ್ ಒಳಗೆ ಬಂದ. ಒಂದು ಕೈಯಲ್ಲಿ ಪ್ರಿಂಟ್ ಕೊಟ್ಟ ಮೊಬೈಲು, ಇನ್ನೊಂದರಲ್ಲಿ ಕತ್ತಿ. ತೆಂಗಿನಕಾಯಿ ಕೆತ್ತುವ ಕತ್ತಿ, ಹೊಸದಾಗಿ ಸಾಣೆ ಹಿಡಿದದ್ದು.

"ಕೂಕಣಿ ರವಿಯಣ್ಣ," ಅಂದ. ಮದುವೆಮನೆಯಲ್ಲಿ ಉಪಚಾರ ಮಾಡುವ ದನಿ.

ನಾನು ಬರುವುದು ಹೇಗೆ ತಿಳಿಯಿತು ಅಂದೆ. ತಾನು ಊಟಕ್ಕೆ ಕೂತಾಗ ಅತ್ತೆ ಎಲ್ಲವನ್ನೂ ಹೇಳುತ್ತಾಳೆ, ನೀವು ಇಂಕಿನ ಬೆನ್ನು ಹತ್ತಿದ್ದನ್ನೂ ಹೇಳಿದ್ದಳು, ಅಂದಿನಿಂದ ಕಾಯುತ್ತಿದ್ದೆ ಅಂದ. ಸೌಮ್ಯಶ್ರೀ ಹೇಳಿದ್ದನ್ನು ನಾನೇ ಗುಣಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಸೀನನನ್ನು ಯಾಕೆ ಕೊಂದೆ ಅಂತ ಕೇಳಿದೆ.

ಅವನು ನಕ್ಕ. ಸೀನನನ್ನು ಯಾರೂ ಕೊಂದಿಲ್ಲವಂತೆ. ಕುಡಿದು ಹೊಳೆಗೆ ಜಾರಿದ್ದಂತೆ. ಪಾಪ ಅಂತ ಇವನೇ ಶ್ರದ್ಧಾಂಜಲಿ ಪ್ರಿಂಟ್ ಮಾಡಿ ಅಂಟಿಸಿದ್ದು. ಹೊಸದಾಗಿ ಇಂಕು ತುಂಬಿದ್ದ, ಬಣ್ಣ ತಪ್ಪಿತ್ತು. ಮಾರನೇ ದಿನದೊಳಗೆ ಕೇರಿಯವರೇ ಕತೆ ತಿರುಗಿಸಿಬಿಟ್ಟರು. ಕಾಗದ ಮೊದಲು ಬಂತು, ಸಾವು ಆಮೇಲೆ! ಜನ ಬೆವರುವುದನ್ನು ಇವನು ನೋಡಿದ. ರೆಸಾರ್ಟ್ ಪಾರ್ಟಿಗೆ ಬ್ರೋಕರ್ ಇವನೇ. ಆಮೇಲಿನ ಕಾಗದಗಳಿಗೆ ಬೇಕೆಂದೇ ಅದೇ ತೂತಿಗೆ ನೀಲಿ ತುಂಬಿದ.

"ಇಷ್ಟ್ ದಿನ ಕಾಗ್ದ ಸಾಕಾಯ್ತ್," ಅಂದ. "ಅತ್ತೆಗೆ ಸಾಲ್ಲ."

ನಾನು ಮೇಜಿನತ್ತ ಹಿಂದೆ ಸರಿದೆ.

"ಎಂತ ಮಾಡಿದಿ?"

"ನಮ್ ಡ್ರೈವರ್ ಶೇಖರ ಟಿಪ್ಪರ್ ತಕಂಡ್ ಹೋಯಿದ. ಊಟ ಮುಗ್ದ್ ಮೇಲೆ ಅತ್ತೆ ದೋಣಿ ಹತ್ರ ಮೀನ್ ತಪ್ಪುಕೆ ರೋಡ್ ದಾಟ್ತಲೆ?"

ಅವನು ಕತ್ತಿ ಎತ್ತಿದ. ನನ್ನ ಕೈ ಮೇಜಿನ ಮೇಲಿತ್ತು. ಬೆರಳಿಗೆ ಸಿಕ್ಕಿದ್ದು ಸಿರಿಂಜು. ಯೋಚನೆ ಮಾಡಲಿಲ್ಲ, ಅವನ ಕಣ್ಣಿಗೆ ಹಿಡಿದು ಒತ್ತಿಬಿಟ್ಟೆ. ಇಂಕು ಚಿರ್ರನೆ ಹಾರಿತು. ಅವನು ಹುಯ್ಯಲಿಟ್ಟು ಮುಖ ಮುಚ್ಚಿಕೊಂಡ. ಕತ್ತಿ ಗೋಡೆಗೆ ಬಡಿದು ಕೆಳಗೆ ಬಿತ್ತು. ನಾನು ಅವನನ್ನು ಪಕ್ಕಕ್ಕೆ ತಳ್ಳಿ ಹೊರಗೆ ಓಡಿದೆ.

ಬೈಕ್ ಹತ್ತುತ್ತಲೇ ಗುಣಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಒಲೆಯ ಮುಂದಿರುವಾಗ ಅವರು ಎತ್ತುವುದಿಲ್ಲ. ಪೊಲೀಸರಿಗೆ ಮಾಡಿದೆ. ಜೀಪು ಕಳಿಸುತ್ತೇವೆ ಅಂದರು. ಅದಕ್ಕೆ ಕಾಯುವ ಹಾಗಿರಲಿಲ್ಲ.

ಕೋಟ ಹೋಯಿತು. ತೆಕ್ಕಟ್ಟೆ ಹೋಯಿತು. ಕನ್ನಡಿಯಲ್ಲಿ ಒಂದು ಬಿಳಿ ಕಾರು ಕಾಣಿಸಿತು. ಒಂದು ಕಣ್ಣಾದರೂ ತೆರೆದಿರಬೇಕು ಅವನದು! ಕುಂದಾಪುರದ ಫ್ಲೈಓವರ್ ಮೇಲೆ ಅವನು ನನ್ನ ಪಕ್ಕಕ್ಕೇ ಬಂದ. ಕಾರಿನ ಕನ್ನಡಿ ನನ್ನ ಮೊಣಕಾಲಿಗೆ ತಾಗಿತು. ಎದುರಿಗಿದ್ದ ಬಸ್ಸಿನ ಎಡಕ್ಕೆ ನುಗ್ಗಿ ತಪ್ಪಿಸಿಕೊಂಡೆ. ಹೆಮ್ಮಾಡಿ ದಾಟುವಾಗ ದೇವರಿಗೆ ಏನೇನು ಹರಕೆ ಹೊತ್ತೆನೋ, ಈಗ ಒಂದೂ ನೆನಪಿಲ್ಲ.

ತ್ರಾಸಿ...

ಟಿಪ್ಪರ್ ರಸ್ತೆಯ ಅಂಚಿನಲ್ಲಿ ನಿಂತಿತ್ತು. ಎಂಜಿನ್ ಆರಿಸಿರಲಿಲ್ಲ. ಆ ಕಡೆ ಗುಣಕ್ಕ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಎಡಬಲ ನೋಡಿ, ರಸ್ತೆಗೆ ಕಾಲಿಟ್ಟರು.

ಟಿಪ್ಪರ್ ನೆಗೆಯಿತು!

ನಾನು ಬೈಕನ್ನು ಅದರ ಮುಂದಕ್ಕೆ ಬಿಟ್ಟು ಹಾರಿದೆ. ಗುಣಕ್ಕನ ಮೇಲೆ ಬಿದ್ದೆ. ಇಬ್ಬರೂ ಉರುಳಿ ಮರಳಿಗೆ ಬಂದೆವು. ಟಿಪ್ಪರ್ ನನ್ನ ಬೈಕನ್ನು ಹಪ್ಪಳ ಮಾಡಿ, ಕಡಲ ಬದಿಯ ಕಲ್ಲುರಾಶಿಗೆ ಮೂತಿ ಕೊಟ್ಟು ನಿಂತಿತು. ದೋಣಿಯವರು ಓಡಿಬಂದು ಶೇಖರನನ್ನು ಕೆಳಗೆಳೆದರು. ಹೆದ್ದಾರಿ ಬಂದ್ ಆಯಿತು. ನಿತೇಶನ ಕಾರು ಅದರ ನಡುವೆ ಸಿಕ್ಕಿಬಿತ್ತು.

ಗುಣಕ್ಕ ಎದ್ದರು. ಸೀರೆ ಕೊಡವಿಕೊಂಡರು. ಕಾರಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಅಣ್ಣನ ಮಗನ ಮುಖ, ಕುತ್ತಿಗೆ, ಅಂಗಿ ಎಲ್ಲ ನೀಲಿ. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಅತ್ತೆ... ಸೀನನ್ನ ನಾ ಕೊಂದದ್ದಲ್ಲ," ಅಂದ ಅವನು.

"ಉಂಡ್ಯಾ ಮಾಣಿ?" ಅಂತ ಕೇಳಿದರು ಗುಣಕ್ಕ. ಅಷ್ಟೇ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಜೀಪು ಬರುವ ತನಕ ಅವರು ಅಲ್ಲಿಂದ ಅಲುಗಲಿಲ್ಲ.

ಮರುವಾರ ನಿತೇಶನ ಅಪ್ಪ ಕುಷ್ಟಣ್ಣ ನನ್ನ ಮನೆಗೆ ಬಂದರು. ಮನೆತನದ ಮರ್ಯಾದೆ, ತಂಗಿಯ ಹತ್ತಿರ ಮಾತಾಡಿ ರಾಜಿ ಮಾಡಿಸು ಅಂತ ಕೈ ಮುಗಿದರು. ಕಸುಬು ಕಸುಬೇ. ತ್ರಾಸಿಗೆ ಹೋಗಿ ಹೇಳಿದೆ.

ಗುಣಕ್ಕ ಗಂಜಿಯ ಪಾತ್ರೆಗೆ ಸೌಟು ಹಾಕಿ ತಿರುವುತ್ತಿದ್ದರು.

"ರಾಜಿಗೆ ಎರಡ್ ಬದಿಗೂ ಜನ ಬೇಕಲೆ ರವಿ," ಅಂದರು. "ನನ್ ಬದಿಗ್ ಯಾರಿದ್ರ್?"

ಕೇರಿಯವರಿಗೆಲ್ಲ ನಾನೇ ಫೋನ್ ಮಾಡಿದ್ದೆ. ಅದು ಬರೀ ಇಂಕು, ಸೀನ ಜಾರಿ ಸತ್ತದ್ದು, ವಾಪಸ್ ಬನ್ನಿ ಅಂದಿದ್ದೆ. ಎಲ್ಲರೂ ನಂಬಿದರು. ಕೆಲವರು ನಕ್ಕರು, ಒಬ್ಬರು ಅತ್ತರು. ಆದರೆ ಬರುವುದೆಲ್ಲಿಗೆ? ನಾನು ಫೋನ್ ಮಾಡಿದ ಹಿಂದಿನ ದಿನವೇ ಜೆಸಿಬಿ ಬಂದು ಮನೆಗಳನ್ನೆಲ್ಲ ನೆಲಸಮ ಮಾಡಿತ್ತು. ಕಾಗದಪತ್ರ ಪಕ್ಕಾ ಇತ್ತು, ಯಾರೂ ತಡೆಯುವ ಹಾಗಿರಲಿಲ್ಲ.

ಗುಣಕ್ಕ ನನಗೆ ಬಡಿಸಿ, ಅಭ್ಯಾಸಬಲದಿಂದ ಇನ್ನೂ ಏಳೆಂಟು ತಟ್ಟೆ ತೊಳೆದಿಟ್ಟರು.

ಗೆದ್ದದ್ದು ಅವರೇ... ಉಣ್ಣಲು ಕೂತವನು ನಾನೊಬ್ಬನೇ.