ಸೋರಿಹೋದ ಮಾತು

ದಸ್ತಗೀರ್ ನದಾಫರ ಗಂಟಲು ನಿಂತು ವರ್ಷಗಳಾಗಿದ್ದವು. ಮಾತು ಮಾತ್ರ ನಿಂತಿರಲಿಲ್ಲ.

"ರಜಿಯಾ, ಕಿಟಕಿ ತಗಿ. ಮಳಿ ವಾಸನಿ ಬರಾಕತ್ತೈತಿ," ಎಂದು ಹಾಸಿಗೆಯ ಪಕ್ಕದ ಪೆಟ್ಟಿಗೆ ಅವರದೇ ದನಿಯಲ್ಲಿ ಹೆಂಡತಿಗೆ ಹೇಳುತ್ತಿತ್ತು. ನಾಟಕ ಕಂಪನಿಯ ನಟರಾಗಿದ್ದ ಅವರ ಸ್ನಾಯುಗಳನ್ನು ರೋಗ ತಿನ್ನತೊಡಗಿದಾಗ, ಯಾವ ಪದಕ್ಕೆ ಮಿದುಳಿನಲ್ಲಿ ಯಾವ ಮಿಡಿತ ಏಳುತ್ತದೆಂಬುದನ್ನು ವೈದ್ಯರು ದಾಖಲಿಸಿಕೊಂಡಿದ್ದರು. ಆ ನಕ್ಷೆಯಿಂದ ಮಿಡಿತ ಗುರುತಿಸಿ ಪೆಟ್ಟಿಗೆ ಪದ ನುಡಿಯುತ್ತಿತ್ತು. ನಕ್ಷೆ ಇದ್ದದ್ದು ಉಗುರಿನಗಲದ ಡ್ರೈವಿನಲ್ಲಿ.

ಆ ಡ್ರೈವ್ ಧಾರವಾಡದ ವಿಜ್ಞಾನಿ ಇಂದುಮತಿ ಹಂಚಿನಮನಿಯವರ ಶೋಧ. ಡ್ರೈವಿನೊಳಗಿನ ಒಂದೊಂದು ಕೋಶವೂ ವಿದ್ಯುತ್ಕಣ ತುಂಬಿಡುವ ಪುಟ್ಟ ಗಡಿಗೆ. ಎಷ್ಟು ಮಟ್ಟಕ್ಕೆ ತುಂಬಿದೆ ಎಂಬುದೇ ಅಲ್ಲಿನ ಬರಹ. ಹಿಂದಿನವರು ಹದಿನಾರು ಮಟ್ಟ ಗುರುತಿಸಿದ್ದ ಕಡೆ ಇಂದುಮತಿ ಇನ್ನೂರ ಐವತ್ತಾರು ಗುರುತಿಸಿದರು. ಕಣಗಳು ಸೋರದಂತೆ ದಪ್ಪ ಗೋಡೆ ಕಟ್ಟಿದರು. ಒಂದೇ ಕೋಶದಲ್ಲಿ ಹೆಚ್ಚು ಬರಹ ಹಿಡಿಸಿದ್ದರಿಂದ ಡ್ರೈವ್ ಅಗ್ಗವಾಯಿತು.

ಆಮೇಲೆ ಪೈಪೋಟಿ ಶುರುವಾಯಿತು. ಒಂದು ಕಂಪನಿ ಬೆಲೆ ಇಳಿಸಿದರೆ ಇನ್ನೊಂದು ಗೋಡೆಯನ್ನೇ ತೆಳುವಾಗಿಸಿ ಇನ್ನೂ ಇಳಿಸಿತು. ಕಣಗಳು ಸೋರಿಹೋಗುತ್ತವೆಂಬ ಇಂದುಮತಿಯ ಎಚ್ಚರಿಕೆ ಯಾರಿಗೂ ಬೇಕಿರಲಿಲ್ಲ. ವಿದ್ಯುತ್ ಇರುವ ತನಕ ಡ್ರೈವ್ ಸೋರಿದ್ದನ್ನು ತಾನೇ ತುಂಬಿಕೊಳ್ಳುತ್ತಿದ್ದುದರಿಂದ ದೋಷ ಕಾಣುತ್ತಲೂ ಇರಲಿಲ್ಲ.

ಪೆಟ್ಟಿಗೆ ದುರಸ್ತಿಗೆ ಬಂದವನು ದಸ್ತಗೀರರ ನಕ್ಷೆಯನ್ನು ತುಂಬಿಹೋದದ್ದು ಅಂಥದೇ ಡ್ರೈವಿಗೆ. ನ್ಯುಮೋನಿಯಾ ಆಗಿ ಅವರು ಬಹಳ ದಿನ ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಪೆಟ್ಟಿಗೆ ಆರಿತ್ತು. ಹುಬ್ಬಳ್ಳಿಯ ಮನೆಗೆ ಮರಳಿ ಹಚ್ಚಿದರೆ ಬರೀ ಗೊರಗೊರ ಸದ್ದು. ವೈದ್ಯರ ಬೀರುವಿನಲ್ಲಿ ಅಂಥದೇ ಡ್ರೈವಿನಲ್ಲಿದ್ದ ಪ್ರತಿಯೂ ಹಾಗೆಯೇ ಖಾಲಿಯಾಗಿತ್ತು. ಹೊಸ ಡ್ರೈವ್ ಕೊಡುತ್ತೇವೆ ಎಂದಿತು ಕಂಪನಿ.

ರಜಿಯಾ ಹಳೆಯದನ್ನು ಸೆರಗಿನಲ್ಲಿ ಕಟ್ಟಿಕೊಂಡು ಧಾರವಾಡಕ್ಕೆ ಹೋದರು.

"ಇನ್ನೊಮ್ಮೆ ನಕ್ಷಾ ತಗೀಬೋದಲ್ರಿ, ಮೇಡಮ್?"

"ಆಗಂಗಿಲ್ಲಮ್ಮ. ಅದಕ್ಕ ಅವರು ಬಾಯಿಬಿಟ್ಟು ಮಾತಾಡಬೇಕು," ಎಂದರು ಇಂದುಮತಿ. "ಉಳಿದದ್ದನ್ನ ಓದಿ ನೋಡಬಹುದು. ಆದ್ರ ಓದಿದಾಗ ಇದ್ದದ್ದೂ ಸೋರಿಬಿಡ್ತದ. ಒಂದ ಸಲ, ಅಷ್ಟ."

ರಜಿಯಾ ಸೆರಗಿನ ಗಂಟು ಬಿಚ್ಚಿ ಡ್ರೈವನ್ನು ಮುಂದಿಟ್ಟರು. "ಓದ್ರಿ," ಎಂದರು.

ಸಿಕ್ಕದ್ದು ಮೂರು ಪದ: ನೀರು, ನೋವು, ಹೂಂ.

ಅವನ್ನು ಪೆಟ್ಟಿಗೆಗೆ ತುಂಬಿಸಲು ಇಂದುಮತಿಯೇ ಹುಬ್ಬಳ್ಳಿಗೆ ಬಂದರು. ರಜಿಯಾ ಗಂಡನ ಮುಖದ ಹತ್ತಿರ ಬಾಗಿದರು. "ನನ್ನ ಹೆಸರು ಕರೀರಿ ನೋಡೂಣು."

ದಸ್ತಗೀರರ ಹಣೆ ಬೆವರಿತು. ಕಣ್ಣು ಹೆಂಡತಿಯನ್ನು ಬಿಟ್ಟು ಅಲ್ಲಾಡಲಿಲ್ಲ. ಪೆಟ್ಟಿಗೆ ತಡವರಿಸಿ ಹೇಳಿತು: "ನೀರು."

ಅವರು ಕೇಳಿದ್ದು ನೀರಲ್ಲವೆಂದು ರಜಿಯಾರಿಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ನೀರು ತಂದರು. ಚಮಚದಿಂದ ತುಟಿ ಒದ್ದೆ ಮಾಡಿದರು. ಇಂದುಮತಿ ಅಲ್ಲಿ ನಿಲ್ಲಲಾರದೆ ಹೊರಬಂದರು.

ಪೇಟೆಯಲ್ಲಿ ಡ್ರೈವಿನ ಬೆಲೆ ಮತ್ತೆ ಇಳಿದಿತ್ತು. ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಮಗುವನ್ನು ಎತ್ತಿಕೊಂಡು ನಿಂತಿದ್ದ ಒಬ್ಬನನ್ನು ಇಂದುಮತಿ ಕೇಳಿದರು: "ಏನು ಇಡಾಕ ತಗೋತೀರಿ?"

"ಇವಳ ಫೋಟೋ, ವಿಡಿಯೋ. ಹುಟ್ಟಿದಾಗಿಂದ ಎಲ್ಲಾ ಅದಾವು."

"ಎಷ್ಟು ವರ್ಷ ಉಳೀತಾವ ಅಂತ ಕೇಳಿದ್ರೇನು?"

ಅವನು ನಕ್ಕ. "ಹಾಳಾದ್ರ ಮತ್ತೊಂದು ತಗೊಂಡ್ರಾತು ಬಿಡ್ರಿ. ಈಗ ಭಾಳ ಸೋವಿ ಅದಾವು."