ಮಣ್ಣು ಹೊರಗೆ ಹೋಗಿಲ್ಲ

"ಬಾರದ ಮಳೇನ ಬರೀಬೇಡಮ್ಮ."

ಗೇಟಿನ ತಾತ ಬಾಗಿಲಲ್ಲಿ ನಿಂತು ಇದನ್ನು ಹೇಳುವ ಹೊತ್ತಿಗೆ ಹೊಸ ಇಂಜಿನಿಯರಮ್ಮ ಏಳನೆಯ ಮಳೆಯನ್ನು ಬರೆದು ಮುಗಿಸಿದ್ದಳು. ಇನ್ನು ನಾಲ್ಕು ಉಳಿದಿದ್ದವು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ತಗಡಿನ ಆಫೀಸು ಕಾದ ಕಾವಲಿಯ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಮೇಜಿನ ಮೇಲೆ, ಲೋಟದ ಅಂಚಿನಲ್ಲಿ, ಅವಳ ಕಣ್ಣುರೆಪ್ಪೆಯಲ್ಲಿ ಕೆಂಪು ಧೂಳು. ಒರೆಸಿ ಕೈ ತೆಗೆಯುವುದರೊಳಗೆ ಅದು ಮತ್ತೆ ಬಂದು ಕೂರುತ್ತಿತ್ತು.

ಗುಡ್ಡವನ್ನು ಕಡಿದು ಮನೆ ಸೈಟು ಮಾಡುವ ಕೆಲಸ ಅದು. ಅದಕ್ಕೆ ಊರಿನ ಕಚೇರಿಯ ನಿಯಮಗಳಿದ್ದವು. ಗುದ್ದಲಿ ಹಾಕುವ ಮೊದಲು ಅಂಚಿನುದ್ದಕ್ಕೂ ಮಣ್ಣು ತಡೆಯುವ ಬಟ್ಟೆ ಕಟ್ಟಬೇಕು. ಇಳಿಜಾರಿನ ಬುಡದಲ್ಲಿ ಹೂಳು ನಿಲ್ಲುವ ಗುಂಡಿ ತೋಡಬೇಕು. ಪ್ರತಿ ಮಳೆಯ ನಂತರ ಒಂದು ದಿನದೊಳಗೆ ಇಂಜಿನಿಯರು ಅಂಚಿನುದ್ದಕ್ಕೂ ನಡೆದು, ಕಂಡದ್ದನ್ನು ಮಳೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಯಜಮಾನ ಗುಡ್ಡವನ್ನು ಮೊದಲು ಕಡಿಸಿದ. ಬಟ್ಟೆ ಇನ್ನೂ ಅಂಗಡಿಯಲ್ಲೇ ಇತ್ತು. ಗುಂಡಿಯ ಜಾಗದಲ್ಲಿ ಸುಣ್ಣದ ಗೆರೆಯೊಂದೇ ಇತ್ತು. "ಈ ತಿಂಗಳ ಪುಟ ಈಗಲೇ ತುಂಬಿಸಿಡಿ. ಹನ್ನೊಂದು ಮಳೆ ಸಾಕು. ಆಮೇಲೆ ಯಾರು ನೆನೀತಾರೆ?" ಎಂದು ಫೋನಿನಲ್ಲಿ ಹೇಳಿದ್ದ. ಎಂಟು ತಿಂಗಳು ಮನೆಯಲ್ಲಿ ಕೂತು, ಈಗ ಒಂಬತ್ತು ದಿನದ ಹಿಂದೆ ಸಿಕ್ಕ ಕೆಲಸ. ಅವಳು ಪೆನ್ನು ಎತ್ತಿಕೊಂಡಿದ್ದಳು. ಇವತ್ತಿನ ತಾರೀಕಿಗೂ ಒಂದು ಮಳೆ ಬರೆದಿದ್ದಳು. ಪ್ರತಿ ಸಾಲಿನ ಕೊನೆಗೂ ಅದೇ ವಾಕ್ಯ: ಮಣ್ಣು ಹೊರಗೆ ಹೋಗಿಲ್ಲ.

"ಯಾಕೆ ತಾತ, ಮಳೆಗೆ ಬೇಜಾರಾಗುತ್ತಾ?"

"ಹೋದ ವರ್ಷದ ಇಂಜಿನಿಯರೂ ಹಿಂಗೇ ಕೂತು ಬರೆದ. ಮನೆಗೆ ಹೋಗ್ಲಿಲ್ಲ."

"ಮತ್ತೆಲ್ಲಿಗೆ ಹೋದ?"

"ಎಲ್ಲಿಗೂ ಹೋಗ್ಲಿಲ್ಲ. ಅದನ್ನೇ ಹೇಳ್ತಿರೋದು."

ಅವಳು ನಕ್ಕಳು. ತಾತ ನಗಲಿಲ್ಲ. ಅವನು ಒಳಗೆ ಬರುವಾಗಲೆಲ್ಲ ಮೂಗು ಬಾಯಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಇಲ್ಲಿನ ನೀರು ಕುಡಿಯುತ್ತಿರಲಿಲ್ಲ. ಹೊರಗೆ ಹೋದವನೇ ಕಾಲು ತೊಳೆಯುತ್ತಿದ್ದ. "ಮದುಮಗನ ಮಡಿ" ಎಂದು ಅವಳು ಹಾಸ್ಯ ಮಾಡುತ್ತಿದ್ದಳು. ಈಗ ಅವನು ಪುಸ್ತಕದ ರಟ್ಟನ್ನು ತಿರುಗಿಸಿ ತೋರಿಸಿದ. ಅದರ ಮೇಲೊಂದು ನೀಲಿ ಹೆಬ್ಬೆಟ್ಟಿನ ಗುರುತಿತ್ತು.

"ಕೆಳಗಿನ ಮನೆ ಅಜ್ಜೀದು. ಬಟ್ಟೆ ಒಗೆಯೋಳು. ಬಿಳೀ ಬಟ್ಟೆಗೆ ನೀಲಿ ಹಾಕಿ ಹಾಕಿ ಕೈಯೇ ನೀಲಿ. ಹೋದ ವರ್ಷದ ಮಳೇಲಿ ಈ ಗುಡ್ಡದ ಮಣ್ಣು ಇಳಿದು ಅವಳ ನೀರಿನ ತೊಟ್ಟಿ ತುಂಬ್ತು. ಎತ್ತಿ ಹಾಕೋಕೆ ಇಳಿದ ಗಂಡ ಅಲ್ಲೇ ಮಣ್ಣಾದ. ವಿಚಾರಣೆಗೆ ಬಂದೋರು ಈ ಪುಸ್ತಕ ತೆಗೆದು ಅವಳ ಮುಂದೇನೇ ಓದಿದ್ರು, ಮಣ್ಣು ಹೊರಗೆ ಹೋಗಿಲ್ಲ ಅಂತ. 'ಹಂಗಾದ್ರೆ ನನ್ನ ಗಂಡನ ಮೇಲೆ ಬಿದ್ದಿದ್ದೇನು?' ಅಂದ್ಲು. ಅವರು ಪುಸ್ತಕ ಮುಚ್ಚಿಟ್ರು. ಆಗ ಹೆಬ್ಬೆಟ್ಟು ಒತ್ತಿದ್ಲು."

"ಶಾಪ ಹಾಕಿದ್ಲಾ?"

"ಇಲ್ಲ. ಹರಸಿದ್ಲು. 'ಇನ್ಮೇಲೆ ಇದರಲ್ಲಿ ಬರೆದಿದ್ದೆಲ್ಲ ನಿಜವಾಗ್ಲಿ' ಅಂದ್ಲು. ಮುಂದಿನ ಮಳೆಗೆ ಇಂಜಿನಿಯರ್ ಮತ್ತೆ ಅದೇ ವಾಕ್ಯ ಬರೆದ."

"ಮಣ್ಣಾಂಗಟ್ಟಿ!" ಎಂದಳು ಇಂಜಿನಿಯರಮ್ಮ. "ಮಾಟಕ್ಕೂ ಬಟ್ಟೆ ನೀಲಿನೇ ಸಿಕ್ತಾ?" ಹೆದರಿಸಿದಷ್ಟೂ ಬೆನ್ನು ನೆಟ್ಟಗಾಗುವ ಸ್ವಭಾವ ಅವಳದು. ತಾತ ನೋಡುತ್ತಿದ್ದಂತೆಯೇ ಉಳಿದ ನಾಲ್ಕು ಮಳೆಗಳನ್ನೂ ಬರೆದು, ಒಂದೊಂದಕ್ಕೂ ಉದ್ದನೆಯ ಸಹಿ ಎಳೆದಳು.

ಊಟವಾದ ಮೇಲೆ ಗೇಟಿನ ಬಳಿಗೆ ಬಂದು, ಪಕ್ಕದಲ್ಲಿದ್ದ ಮೊಣಕಾಲೆತ್ತರದ ಮಣ್ಣಿನ ದಿಬ್ಬದ ಮೇಲೆ ಕೂತು ಬೂಟಿನ ದಾರ ಬಿಗಿದಳು. ದಿನಾ ಅಲ್ಲೇ ಕೂರುತ್ತಿದ್ದಳು. ಕೂರಲು ಹೇಳಿ ಮಾಡಿಸಿದಂತಿತ್ತು ಅದು. ಯಂತ್ರ ಕೆಟ್ಟು ಮೂರು ದಿನದಿಂದ ಕೆಲಸದವರು ಬಂದಿರಲಿಲ್ಲ. ಸಿಪ್ಪೆ ಸುಲಿದ ಹಾಗೆ ನಿಂತ ಕೆಂಪು ಗುಡ್ಡ, ಅದರ ಬುಡದಲ್ಲಿ ಒಂಟಿ ಮನೆ, ಅಂಗಳದ ತುಂಬ ಸಾಲು ಸಾಲು ಬಿಳಿ ಹಾಸಿಗೆ ಹೊದಿಕೆಗಳು. ಅವುಗಳ ನಡುವೆ ನಿಂತಿದ್ದ ಅಜ್ಜಿ ತಲೆ ಎತ್ತಿದಳು.

"ಬರೆದ್ಯಾ ಮಗಳೇ?"

"ಬರೆದೆ ಅಜ್ಜಿ! ಹನ್ನೊಂದು ಮಳೆ, ಎಲ್ಲಾ ಆಯ್ತು!"

"ಹಂಗಾದ್ರೆ ಬಟ್ಟೆ ತೆಗೀತೀನಿ," ಎಂದು ಅಜ್ಜಿ ಒಂದು ಚೂರೂ ಮೋಡವಿಲ್ಲದ ಆಕಾಶದ ಕೆಳಗೆ ಹೊದಿಕೆಗಳನ್ನು ಒಂದೊಂದಾಗಿ ಎಳೆದು ತೋಳಿಗೆ ಹಾಕಿಕೊಳ್ಳತೊಡಗಿದಳು.

ಎರಡೂವರೆಗೆ ಗಾಳಿ ನಿಂತಿತು. ಆಮೇಲೆ ವಾಸನೆ ಬಂತು. ಮೊದಲ ಮಳೆಯ ಹಿತವಾದ ವಾಸನೆಯಲ್ಲ ಅದು. ಎಷ್ಟೋ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಮುಖಕ್ಕೆ ಹೊಡೆಯುವ, ಹಳಸಿದ, ತಣ್ಣನೆಯ ವಾಸನೆ. ಹಗಲೇ ಕತ್ತಲಾಯಿತು. ತಗಡಿನ ಮೇಲೆ ಯಾರೋ ಜಲ್ಲಿ ಸುರಿದಂತೆ ಮಳೆ ಬಿತ್ತು. ಗುಡ್ಡದಿಂದ ಕೆಂಪು ನೀರು ಹಗ್ಗ ಹಗ್ಗವಾಗಿ ಇಳಿಯಿತು. ಅವಳು ಕಿಟಕಿಗೆ ಮುಖವಿಟ್ಟು ನೋಡಿದಳು. ಇಳಿದ ಮಣ್ಣು ಅಂಚಿನವರೆಗೆ ಬಂತು. ಅಲ್ಲಿ ನಿಂತಿತು.

ತಡೆಯುವ ಬಟ್ಟೆ ಇರಲಿಲ್ಲ. ಗುಂಡಿ ಇರಲಿಲ್ಲ. ಏನೂ ಇರಲಿಲ್ಲ. ಆದರೂ ಮಣ್ಣು ಮಾತ್ರ ಗಾಜಿಗೆ ತಾಗಿದಂತೆ ನಿಂತು, ಮೇಲೆ ಮೇಲೆ ಏರಿ, ಹೊರಳಿ ಹಿಂದಕ್ಕೆ ಬರುತ್ತಿತ್ತು. ಆಚೆಗೆ ಇಳಿದ ನೀರು ತಿಳಿಯಾಗಿತ್ತು.

ಅವಳು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಹಠಕ್ಕೆ ಬಿದ್ದವಳಂತೆ ಗಟ್ಟಿಯಾಗಿ ನಕ್ಕಳು. "ಭೇಷ್ ಅಜ್ಜಿ! ನಮ್ಮ ಕೆಲಸ ನೀನೇ ಮಾಡ್ಕೊಟ್ಟೆ!"

ಮೂರೂವರೆಗೆ ಅವಳು ಚೀಲ ಹೆಗಲಿಗೇರಿಸಿದಳು. ಮಗಳು ಗುಬ್ಬಿಯನ್ನು ನಾಲ್ಕಕ್ಕೆ ಶಾಲೆಯಿಂದ ಕರೆತರಬೇಕು. ಆರು ವರ್ಷದ ಗುಬ್ಬಿಯನ್ನು ಕರೆಯಲು ಬರುವವರು ಬೇರೆ ಯಾರೂ ಇರಲಿಲ್ಲ. ಗೇಟು ತೆರೆದೇ ಇತ್ತು. ಅವಳು ಕಾಲು ಮುಂದಿಟ್ಟಳು.

ಕಾಲು ಮುಂದೆ ಹೋಗಲಿಲ್ಲ.

ಬೂಟಿಗೆ ಮೆತ್ತಿದ ಮಣ್ಣು ಎಳೆಯುತ್ತಿದೆ ಎಂದುಕೊಂಡಳು. ಬೂಟು ಕಳಚಿದಳು. ಬರಿಗಾಲೂ ಹೋಗಲಿಲ್ಲ. ಬೆರಳ ಸಂದಿ ತೊಳೆದಳು. ಉಗುರು ಕೆರೆದಳು. ತೊಳೆದಷ್ಟೂ ಕೆಂಪು ನೀರು. ಅದು ಮೇಲಿನಿಂದ ಹತ್ತಿದ್ದಲ್ಲ, ಚರ್ಮದ ಒಳಗಿನಿಂದ ಬೆವರಿನಂತೆ ಬರುತ್ತಿತ್ತು. ಕೆಮ್ಮಿದಳು. ಉಗುಳಿದಳು. ಉಗುಳು ಕೆಂಪಾಗಿತ್ತು; ರಕ್ತವಲ್ಲ, ಹಲ್ಲಿಗೆ ಸಿಕ್ಕರೆ ಕರಕರ ಎನ್ನುವ ಮಣ್ಣು.

ಒಂಬತ್ತು ದಿನ ಇಲ್ಲಿನ ಧೂಳು ಉಸಿರಾಡಿದ್ದಳು. ಒಂಬತ್ತು ದಿನ ಇಲ್ಲಿನ ನೀರು ಕುಡಿದಿದ್ದಳು. ಅವಳಲ್ಲಿ ಈಗ ಎಷ್ಟು ಅವಳು, ಎಷ್ಟು ಈ ಜಾಗದ ಮಣ್ಣು?

ಮಣ್ಣು ಹೊರಗೆ ಹೋಗಿಲ್ಲ. ಹೋಗುವುದೂ ಇಲ್ಲ.

ಗೇಟಿನ ಪಕ್ಕದ ದಿಬ್ಬವನ್ನು ಅವಳು ಆಗ ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಇಷ್ಟು ಮಳೆಗೂ ಅದು ಕರಗಿರಲಿಲ್ಲ. ಮೇಲ್ಪದರ ಮಾತ್ರ ತೊಳೆದುಹೋಗಿ ಬಾಗಿದ ಬೆನ್ನೊಂದು ಕಾಣುತ್ತಿತ್ತು. ಗೇಟಿನ ಕಡೆಗೆ ಚಾಚಿದ ಐದು ಬೆರಳು.

"ತಾತಾ!"

ಹೊರಗೆ ಛತ್ರಿ ಹಿಡಿದು ನಿಂತಿದ್ದ ತಾತ ಅಳುತ್ತಿದ್ದ. "ನಾನೇನ್ ಮಾಡ್ಲಿ ತಾಯೀ, ನಂಗೆ ಬರಿಯೋಕೇ ಬರಲ್ಲ."

ಫೋನು ಬಡಿದುಕೊಂಡಿತು. ಟೀಚರ ಫೋನಿನಿಂದ ಗುಬ್ಬಿ. "ಅಮ್ಮಾ, ಎಲ್ಲರೂ ಹೋದ್ರು. ಟೀಚರ್ ಬೀಗ ಹಾಕ್ತಾರಂತೆ. ನೀನು ಬರ್ತಿಲ್ವಾ?"

"ಬರ್ತೀನಿ," ಎಂದಳು. ನಾಲಿಗೆ ಆಗಲೇ ದಪ್ಪಗಾಗಿತ್ತು. "ಎಲ್ಲೂ ಹೋಗ್ಬೇಡ ಗುಬ್ಬೀ. ನಾನು ಬರ್ತೀನಿ ಅಂದ್ರೆ ಬರ್ತೀನಿ."

ಬರಿಯೋಕೇ ಬರಲ್ಲ. ತಾತನ ಮಾತು ತಲೆಯಲ್ಲಿ ಕೂತಿತು. ಅವಳು ಆಫೀಸಿಗೆ ಓಡಿದಳು. ಮೊಣಕಾಲು ಮಡಚುತ್ತಿರಲಿಲ್ಲ. ಹನ್ನೊಂದು ಸಾಲುಗಳ ಮೇಲೆ ಅಡ್ಡ ಗೆರೆ ಎಳೆದು, ಕೆಳಗೆ ಬರೆಯತೊಡಗಿದಳು: ಮಣ್ಣು ಹೊರಗೆ ಹೋ...

ಗುಡ್ಡ ನರಳಿತು.

ಮೇಜು ಅದುರಿತು. ಕಿಟಕಿಯಾಚೆ ಇಡೀ ಕೆಂಪು ಇಳಿಜಾರು ನಿದ್ದೆಯಿಂದ ಎದ್ದ ಹಾಗೆ ಒಂದು ಮೊಳ ಮುಂದಕ್ಕೆ ಜರುಗಿತು. ಕೆಳಗೆ ಹೊಸ್ತಿಲಲ್ಲಿ ಅಜ್ಜಿ ನಿಂತಿದ್ದಳು. ಓಡಲಿಲ್ಲ. ನೀಲಿ ಕೈಗಳನ್ನು ಕಟ್ಟಿಕೊಂಡು ಮೇಲೆ ನೋಡುತ್ತಿದ್ದಳು. ಇನ್ನೆರಡು ಅಕ್ಷರ ಬರೆದರೆ ವಾಕ್ಯ ಮುಗಿಯುತ್ತದೆ. ಇಂಜಿನಿಯರಮ್ಮನಿಗೆ ಬಿಡುಗಡೆಯಾಗುತ್ತದೆ. ಅಜ್ಜಿಯ ಮನೆ ಇರುವುದಿಲ್ಲ.

ಅಜ್ಜಿಗೆ ಇದು ಗೊತ್ತಿತ್ತು. ಬರೆಯುವ ಕೈ ಎಂಥದು ಎಂದು ನೋಡಲೆಂದೇ ಅವಳು ನಿಂತಿದ್ದಳು.

"ಇಲ್ಲ," ಎಂದು ಇಂಜಿನಿಯರಮ್ಮ ಹಲ್ಲು ಕಚ್ಚಿದಳು. ಹಲ್ಲಿನ ನಡುವೆ ಮರಳು ಕರಕರ ಎಂದಿತು. "ನಾನು ಹೋದ ವರ್ಷದವನ ಹಾಗಲ್ಲ."

ಮತ್ತೆ ಫೋನು. ಯಜಮಾನ. "ಮಳೆ ಜೋರಂತಲ್ಲ? ಪುಸ್ತಕ ಸರಿಯಾಗಿದೆ ತಾನೇ?"

"ಸರಿ ಮಾಡ್ತಿದ್ದೀನಿ. ಇದ್ದದ್ದು ಇದ್ದ ಹಾಗೆ ಬರೀತಿದ್ದೀನಿ."

"ತಲೆ ಕೆಟ್ಟಿದ್ಯಾ? ಒಂದಕ್ಷರ ಬರೆದ್ರೆ ನಾಳೆಯಿಂದ ಕೆಲಸ ಇಲ್ಲ ನಿಮಗೆ!"

"ನಿಮ್ಮ ಕೆಲಸಕ್ಕಿಷ್ಟು ಮಣ್ಣು ಹಾಕ!" ಎಂದು ಫೋನು ಕುಕ್ಕಿದಳು.

ಅರ್ಧ ಬರೆದ ವಾಕ್ಯವನ್ನು ಹೊಡೆದುಹಾಕಿದಳು. ಗುಡ್ಡ ನಿಂತಿತು. ಬೆರಳುಗಳು ಒಣಗಿ ಬಿರುಕು ಬಿಡುತ್ತಿದ್ದವು. ಬರೆದಳು. ಬಟ್ಟೆ ಕಟ್ಟಿಲ್ಲ. ಗುಂಡಿ ತೋಡಿಲ್ಲ. ಮೇಲಿನ ಹನ್ನೊಂದು ಸಾಲುಗಳನ್ನು ಮಳೆಗೆ ಮೊದಲೇ ನಾನು ಬರೆದೆ, ಹನ್ನೊಂದೂ ಸುಳ್ಳು. ಹೋದ ವರ್ಷ ಇಲ್ಲಿಂದ ಇಳಿದ ಮಣ್ಣು ಕೆಳಗಿನ ಮನೆಯ ಅಜ್ಜಿಯ ಗಂಡನನ್ನು ಕೊಂದಿದೆ. ಇವತ್ತಿನಿಂದ ಕೆಲಸ ನಿಲ್ಲಿಸಿದ್ದೇನೆ.

ಆಮೇಲೆ ಕೊನೆಯ ಸಾಲು. ಇವತ್ತು ಹೊರಗೆ ಹೋದ ಮಣ್ಣು ಎಷ್ಟು?

ಅವಳು ತನ್ನನ್ನೇ ತಾನು ಕಣ್ಣಳತೆಯಲ್ಲಿ ಅಳೆದಳು. ಮಣ್ಣು ಹೊರುವ ಬುಟ್ಟಿಯ ಲೆಕ್ಕದಲ್ಲಿ ಒಂದು ಹೆಣ್ಣು ಜೀವ ಎಷ್ಟಾಗುತ್ತದೆ? ಮೂರು ಬುಟ್ಟಿ, ಚೂರು ಹೆಚ್ಚು. ನಾಲ್ಕು ಎಂದು ಬರೆದರೆ ತಾನು ಪೂರ್ತಿ ಹೊರಗೆ. ಆದರೆ ಹೆಚ್ಚಿನ ಮಣ್ಣು ಗುಡ್ಡದಿಂದ ಇಳಿಯುತ್ತದೆ. ಇಳಿದರೆ ಅಜ್ಜಿಯ ತೊಟ್ಟಿಗೆ.

ಹೊರಗೆ ಹೋದ ಮಣ್ಣು: ಮೂರು ಬುಟ್ಟಿ. ಸಹಿ.

ಗೇಟು. ಕಾಲು ಇಟ್ಟಳು. ಹೋಯಿತು. ಇನ್ನೊಂದು ಕಾಲು. ಹೋಯಿತು. ತಲೆ, ಹೆಗಲು, ಎಡಗೈ. ಕೊನೆಗೆ ಬಲಗೈ. ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಉಸಿರು ಬಿಗಿಹಿಡಿದಳು. ತಾತ ಅವಳ ಸೊಂಟ ತಬ್ಬಿ ಎಳೆದ. ಒಣ ಹೆಂಟೆ ಮುರಿದಂತೆ ಸದ್ದು. ನೋವಿರಲಿಲ್ಲ. ಅವಳು ಹೊರಗೆ ಬಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಪೆನ್ನು ಹಿಡಿಯುವ ಮೂರೂ ಗೇಟಿನ ಒಳಗೆ ಬಿದ್ದು, ಮಳೆಗೆ ಕರಗಿ ಕೆಸರಾದವು.

ಬರೆಯದೆ ಬಿಟ್ಟ ಆ ಚೂರು ಮೂರು ಬೆರಳಿನಷ್ಟಿತ್ತು.

ತಾತ ತನ್ನ ಒದ್ದೆ ಬಟ್ಟೆಯನ್ನು ಆ ಕೈಗೆ ಸುತ್ತುತ್ತಿರುವಾಗಲೇ ಯಜಮಾನನ ಕಾರು ಬಂತು. ಕೆಸರೆರಚಿ ಗೇಟಿನೊಳಗೆ ನುಗ್ಗಿ ಆಫೀಸಿನ ಬಾಗಿಲಲ್ಲಿ ನಿಂತಿತು. ಅವಳು ಹೊರಗಿನಿಂದಲೇ ಕೂಗಿದಳು: "ಪುಟ ಹರೀಬೇಡಿ! ಆ ವಾಕ್ಯ ಬರೀಬೇಡಿ! ಬರೆದ್ರೆ ಹೊರಗೆ ಬರಲ್ಲ!"

ಯಜಮಾನ ಬಾಗಿಲಲ್ಲಿ ತಿರುಗಿದ. "ಮಣ್ಣಾಂಗಟ್ಟಿ!" ಎಂದ. ವರ್ಷಗಟ್ಟಲೆ ಈ ಗುಡ್ಡದಲ್ಲಿ ಓಡಾಡಿದವನು. ಕಾಗದ ಹರಿದ ಸದ್ದು ಗೇಟಿನವರೆಗೂ ಕೇಳಿಸಿತು. ಆಮೇಲೆ ಅವನು ಪೆನ್ನು ಹಿಡಿದು ಪುಸ್ತಕದ ಮೇಲೆ ಬಾಗಿ ಬರೆಯುವುದು ಕಿಟಕಿಯಲ್ಲಿ ಕಂಡಿತು.

ಅವಳು ನಿಲ್ಲಲಿಲ್ಲ. ಬರಿಗಾಲಲ್ಲಿ ನಡೆದಳು. ಕೆಳಗಿನ ಮನೆಯ ಮುಂದೆ ಹಾಯುವಾಗ ಅಜ್ಜಿ ಬೇಲಿಯ ಬಳಿಗೆ ಬಂದಳು. ಒಗೆದು ಮಡಿಸಿದ ಒಂದು ಬಿಳಿ ವಸ್ತ್ರವನ್ನು ಬೇಲಿಯ ಮೇಲಿಂದ ಚಾಚಿದಳು. ಇಂಜಿನಿಯರಮ್ಮ ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು. ಕಣ್ಣು ತಗ್ಗಿಸಲಿಲ್ಲ. ಅಜ್ಜಿಯೂ ತಗ್ಗಿಸಲಿಲ್ಲ.

ಶಾಲೆಯ ಮೆಟ್ಟಿಲ ಮೇಲೆ ಗುಬ್ಬಿ ಚೀಲ ತಬ್ಬಿಕೊಂಡು ಕೂತಿತ್ತು.

"ಅಮ್ಮಾ, ಬೆರಳು?"

"ಕೆಲಸದಲ್ಲಿ ಬಿಟ್ಟು ಬಂದೆ."

"ಬೂಟು?"

"ಅದೂನೂ."

ದೂರದಲ್ಲಿ, ಗುಡ್ಡದ ಕಡೆಯಿಂದ, ಕಾರಿನ ಹಾರ್ನು ಒಂದೇ ಸಮನೆ ಕೂಗುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಕೂಗುತ್ತಿತ್ತು.

"ಯಾರಮ್ಮಾ ಅದು? ಅಷ್ಟೊಂದು ಅವಸರ?"

"ಹೊರಗೆ ಹೋಗೋಕೆ," ಎಂದಳು ತಾಯಿ. ಎಡಗೈಯಿಂದ ಮಗಳ ಕೈ ಹಿಡಿದಳು.

ಹಾರ್ನಿನ ದನಿ ದಪ್ಪಗಾಯಿತು. ಬಾಯಿಗೆ ಮಣ್ಣು ಬಿದ್ದವರ ದನಿಯ ಹಾಗೆ. ಆಮೇಲೆ ಬರೀ ಮಳೆ ಕೇಳಿಸಿತು.